ಮೂವತ್ಮೂರು ಇಂಚಿನ ಚಕ್ರ ಮತ್ತು ಮುಕ್ತಿನಾಥ

ನೇಪಾಳಕ್ಕೆ ಜನ ಹಿಮಾಲಯ ನೋಡಲು ಹೋಗುತ್ತಾರೆ. ನನ್ನ ಗಂಡ ಹಿಮಾಲಯಕ್ಕೆ ತಮ್ಮ ಟಯರು ತೋರಿಸಲು ಹೋದರು. ದೇವರನ್ನು ನೋಡಬೇಕೆಂದು ಹೊರಟವರು ನಮ್ಮ ಮೂವರಲ್ಲಿ ಅತ್ತೆಯೊಬ್ಬರೇ. ಇಬ್ಬರ ನಡುವೆ ಊಟದ ಡಬ್ಬಿ ಹಿಡಿದು ಕೂರಲು ಒಬ್ಬರು ಬೇಕಿತ್ತು, ಹಾಗಾಗಿ ನಾನೂ ಹೋದೆ.

ಶಹಾಡ್

ನನ್ನ ಗಂಡ ಗುರುರಾಜ್ ಹುಟ್ಟಿದ್ದು ಬಾಗಲಕೋಟೆಯಲ್ಲಿ, ಬೆಳೆದದ್ದು ಡೊಂಬಿವಲಿಯಲ್ಲಿ; ಈಗಲೂ ನಮ್ಮ ಮನೆ ಅಲ್ಲೇ. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಅವರದೊಂದು ಸಣ್ಣ ಕಾರ್ಖಾನೆ ಇದೆ. ಇಲೆಕ್ಟ್ರಿಕ್ ಪ್ಯಾನೆಲ್‌ಗಳಿಗೆ ತಗಡಿನ ಪೆಟ್ಟಿಗೆ ಮಾಡುತ್ತಾರೆ. ನಾನು ಉಡುಪಿ ಕಡೆಯವಳು, ಠಾಣೆಯ ಒಂದು ಬ್ಯಾಂಕಿನಲ್ಲಿ ಕೆಲಸ. ದಿನವೂ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಒಂಟಿಕಾಲಿನಲ್ಲಿ ನಿಂತು ಹೋಗಿ ಬರುವವಳಾದ್ದರಿಂದ ಕಷ್ಟದ ಪ್ರಯಾಣಕ್ಕೆಂದು ಪರದೇಶಕ್ಕೆ ಹೋಗಬೇಕಾದ ಅಗತ್ಯ ನನಗೆ ಯಾವತ್ತೂ ಕಂಡಿರಲಿಲ್ಲ.

ಒಂದು ದಿನ ಗುರುರಾಜ್ ಪಿಕಪ್ ಗಾಡಿ ಕೊಂಡು ತಂದರು. ಮುಂದೆ ನಾಲ್ಕು ಬಾಗಿಲು, ಹಿಂದೆ ಮಾಲು ಹಾಕಲು ತೆರೆದ ತೊಟ್ಟಿ. ಕಾರ್ಖಾನೆಯ ಪೆಟ್ಟಿಗೆ ಸಾಗಿಸಲು ಎಂದರು. ಆ ತೊಟ್ಟಿಯಲ್ಲಿ ಅಲ್ಲಿಂದೀಚೆಗೆ ಸಾಗಿದ್ದು ಸೊಸೈಟಿಯ ಗಣಪತಿ ಮತ್ತು ಗಿರಣಿಯಿಂದ ಬಂದ ಅತ್ತೆಯ ಜೋಳದ ಹಿಟ್ಟು. ಪೆಟ್ಟಿಗೆಗಳು ಮೊದಲಿನ ಹಾಗೆ ಟೆಂಪೋದಲ್ಲೇ ಹೋಗುತ್ತಿದ್ದವು. ತಗಡು ತಾಗಿದರೆ ಗಾಡಿಯ ಬಣ್ಣ ಕೆಡುತ್ತದಂತೆ.

ಗಾಡಿಯ ಜೊತೆಗೆ ಒಂದು ವಾಟ್ಸಾಪ್ ಗುಂಪೂ ಬಂತು. ಅದರಲ್ಲಿರುವವರೆಲ್ಲ ಇಂಥದೇ ಗಾಡಿಯ ಒಡೆಯರು. ಭಾನುವಾರ ಬೆಳಿಗ್ಗೆ ಹೊರಟು, ಒಳ್ಳೆಯ ರಸ್ತೆ ಬಿಟ್ಟು, ಬದ್ಲಾಪುರದಾಚೆಯ ಹಳ್ಳದೊಳಗೆ ಗಾಡಿ ಇಳಿಸಿ, ಅದನ್ನು ಮೇಲೆತ್ತಲಾಗದೆ ಒದ್ದಾಡಿ, ಆಮೇಲೆ ಮಿಸಳ್ ತಿಂದು ಮನೆಗೆ ಬರುವವರು. ಆ ಗುಂಪಿನಲ್ಲಿ ಕಂಪನಿಯ ಟಯರಿನ ಮೇಲೆ ಓಡಾಡುವುದು ಭಾರಿ ಅವಮಾನ. ಒಬ್ಬರು ನಮ್ಮ ಗಾಡಿಯ ಫೋಟೋ ನೋಡಿ 'ಟಯರ್ ಯಾವಾಗ ಹಾಕಿಸ್ತೀರಿ?' ಎಂದು ಕೇಳಿದರಂತೆ. ಗಾಡಿಗೆ ಆಗಲೇ ನಾಲ್ಕು ಟಯರು ಇದ್ದವು.

ಹೀಗೆ ನಾವು ಗಾಡಿಗಳನ್ನು ಮಾರ್ಪಡಿಸಿಕೊಡುವ ಪ್ರಜ್ವಲನ ಬಾಗಿಲಿಗೆ ಹೋದೆವು. ಶಹಾಡ್ ಸ್ಟೇಷನ್ನಿನಿಂದ ಸ್ವಲ್ಪ ಒಳಗೆ, ಕಾರ್ಖಾನೆಗಳ ಸಾಲಿನಲ್ಲಿ ಅವನ ಜಾಗ. ಗ್ಯಾರೇಜು ಎಂದರೆ ಅವನಿಗೆ ಬೇಸರ, ಅದು 'ಸ್ಟುಡಿಯೋ'. ಅಪ್ಪ ಅಮ್ಮ ಕುಂದಾಪುರದವರು ಎಂದು ಗೊತ್ತಾಗಿ ನಾನು ಖುಷಿಯಿಂದ ಕನ್ನಡದಲ್ಲಿ ಮಾತಾಡಿಸಿದೆ. "ಪೂರಾ ಸಮಝ್ತಾ ಹೂಂ ಆಂಟಿ, ಬಸ್ ಬೋಲ್ನೇ ಕೋ ನಹೀ ಆತಾ" ಎಂದ. ಮಾತಾಡಲು ಬಾರದು, ಅರ್ಥ ಪೂರ್ತಿ ಆಗುತ್ತದಂತೆ. ಆಮೇಲೆ ನಾನು ಕನ್ನಡದಲ್ಲಿ ಬೈದದ್ದೆಲ್ಲ ಅವನಿಗೆ ಅರ್ಥವಾಗುತ್ತಲೇ ಇತ್ತು ಎಂಬುದೊಂದು ಸಮಾಧಾನ.

ಹಾಕಿಸಿದ್ದು ಮೂವತ್ಮೂರು ಇಂಚು ಎತ್ತರದ, ಕಲ್ಲುಮಣ್ಣಿನ ದಾರಿಗೆಂದೇ ಮಾಡಿದ ಟಯರು. ಒಂದೊಂದರ ಮೇಲೂ ಮೊಸಳೆಯ ಬೆನ್ನಿನಂಥ ದಿಂಡು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಚಕ್ರ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಿ ಕರ್ರ್ ಅನ್ನುತ್ತಿತ್ತು. ಪ್ರಜ್ವಲ್ ಅಷ್ಟು ಪ್ಲಾಸ್ಟಿಕ್ ಕತ್ತರಿಸಿ ಬಿಸಾಕಿದ. ಹೊಸ ಗಾಡಿಯನ್ನು ಕತ್ತರಿಸುವಾಗ ಗುರುರಾಜರ ಮುಖದಲ್ಲಿದ್ದ ಸಂತೋಷವನ್ನು ನಾನು ನಮ್ಮ ಮದುವೆಯ ದಿನವೂ ಕಂಡಿರಲಿಲ್ಲ.

"ಗಾಡಿ ಅಂದ್ರ ಹಿಂಗಿರಬೇಕು ನೋಡು" ಎಂದರು.

ಮನೆಗೆ ಬಂದು ಅತ್ತೆಯವರಿಗೆ ತೋರಿಸಿದೆವು. ಅವರಿಗೆ ಎಪ್ಪತ್ತು ದಾಟಿದೆ, ಎರಡೂ ಮೊಣಕಾಲು ಮುಷ್ಕರ ಹೂಡಿವೆ. ಗಾಡಿಯ ಬಾಗಿಲ ಕೆಳಗೆ ನಿಂತು ಮೇಲೆ ನೋಡಿದರು.

"ಗುರು, ಇದಕ್ಕ ಏಣಿ ಎಲ್ಲದಪಾ?"

ಏಣಿ ಇರಲಿಲ್ಲ. ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲು ತಂದು ಹತ್ತಿಸಿದೆವು.

ಮುಂಬ್ರಾ ಬೈಪಾಸ್

ಮರುದಿನ ಸಂಜೆ ಠಾಣೆಯಿಂದ ಮನೆಗೆ ಗುರುರಾಜರ ಜೊತೆಗೇ ಹೊರಟೆ. ಸಪಾಟು ರಸ್ತೆಯಲ್ಲಿ ಎಲ್ಲ ಸರಿಯಿತ್ತು. ಟಯರಿನ ಭರ್‍ರೋ ಎಂಬ ಶಬ್ದದಿಂದಾಗಿ ನಾವಿಬ್ಬರೂ ಕಿರುಚಿ ಮಾತಾಡಬೇಕಿತ್ತು ಅಷ್ಟೆ. ಮುಂಬ್ರಾ ಬೈಪಾಸಿನ ಏರು ಶುರುವಾದದ್ದೇ ಗಾಡಿಗೆ ದಮ್ಮು ಕಟ್ಟಿತು. ಗುರುರಾಜ್ ಗೇರು ಇಳಿಸಿದರು, ಮತ್ತೂ ಇಳಿಸಿದರು. ಈರುಳ್ಳಿ ಚೀಲ ಹೇರಿದ ಟೆಂಪೋ ನಮ್ಮನ್ನು ದಾಟಿತು. ನೀರಿನ ಟ್ಯಾಂಕರ್ ದಾಟಿತು. ಕೊನೆಗೆ ಒಂದು ಆಟೋ ದಾಟಿತು. ಅದರ ಚಾಲಕ ನಮ್ಮ ಟಯರು ನೋಡಿದ, ಆಮೇಲೆ ಗುರುರಾಜರ ಮುಖ ನೋಡಿದ, ದೊಡ್ಡ ಮನಸ್ಸು ಮಾಡಿ ನಗಲಿಲ್ಲ.

"ಎಂತ ಆಯ್ತು ಮಾರಾಯ್ರೆ?" ಎಂದೆ.

"ಏನಿಲ್ಲ, ಟ್ರಾಫಿಕ್ ಅದ" ಎಂದರು. ನಮ್ಮ ಮುಂದೆ ರಸ್ತೆ ಪೂರ್ತಿ ಖಾಲಿ ಇತ್ತು. ಟ್ರಾಫಿಕ್ ಎಲ್ಲ ಇದ್ದದ್ದು ನಮ್ಮ ಹಿಂದೆ.

ಮತ್ತೆ ಶಹಾಡ್

ಪ್ರಜ್ವಲ್ ಇದನ್ನೇ ಕಾಯುತ್ತಿದ್ದವನಂತೆ ಕುರ್ಚಿ ಹಾಕಿ ಕೂರಿಸಿ ಪಾಠ ಮಾಡಿದ. ಸಾರಾಂಶ ಇಷ್ಟು: ಚಕ್ರ ದೊಡ್ಡದಾದರೆ ಅದನ್ನು ತಿರುಗಿಸಲು ಇಂಜಿನಿಗೆ ಹೆಚ್ಚು ಶ್ರಮ. ಸಣ್ಣ ಟಯರಿಗೆಂದು ಹೊಂದಿಸಿದ ಗೇರು ಈಗ ಭಾರವಾಗುತ್ತದೆ. ಅದನ್ನು ಸರಿಪಡಿಸಲು ಆಕ್ಸಲ್ ಒಳಗಿನ ಹಲ್ಲುಗಾಲಿಗಳ ಜೋಡಿಯನ್ನು, ಎಂದರೆ ಕ್ರೌನ್ ಪಿನಿಯನ್ನನ್ನು, ಬದಲಿಸಬೇಕು. ಮುಂದಿನದೂ, ಹಿಂದಿನದೂ. ಟಯರು ಹಾಕುವ ಮೊದಲು ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಟಯರು ಹಾಕಿಸಿಕೊಳ್ಳದವರಿಗೆ ಇದನ್ನು ಹೇಳಿ ಏನು ಉಪಯೋಗ ಎಂದು ಅವನು ಹಿಂದಿಯಲ್ಲಿ ಕೇಳಿದ. ಬ್ಯಾಂಕಿನಲ್ಲಿರುವ ನನಗೆ ಈ ತರ್ಕ ಅಪರಿಚಿತವೇನಲ್ಲ.

ಹೊಸ ಜೋಡಿಗಳು ಥಾಯ್ಲೆಂಡಿನಿಂದ ಬರಬೇಕಿತ್ತು. ಹಿಂದಿನ ಆಕ್ಸಲ್‌ನದು ಬಂತು. ಮುಂದಿನದು ದಾರಿಯಲ್ಲೆಲ್ಲೋ ಕೂತಿತು.

ಇದೇ ಹೊತ್ತಿಗೆ ಅಧಿಕ ಮಾಸ ಬಂತು. ಅಧಿಕ ಮಾಸದಲ್ಲಿ ಮುಕ್ತಿನಾಥನ ದರ್ಶನ ಮಾಡಬೇಕೆಂಬುದು ಅತ್ತೆಯ ಬಹಳ ಹಳೆಯ ಆಸೆ. ಮಾವನವರು ಕರೆದೊಯ್ಯುತ್ತೇನೆ ಎನ್ನುತ್ತ ಎನ್ನುತ್ತಲೇ ತೀರಿಕೊಂಡರು. ಆಮೇಲೆ ಆ ಮಾತನ್ನು ಗುರುರಾಜ್ ವಹಿಸಿಕೊಂಡು, ಅವರೂ ಎನ್ನುತ್ತಲೇ ಇದ್ದರು. ಈ ಸಲ ತಪ್ಪಿದರೆ ಮುಂದಿನ ಅಧಿಕ ಮಾಸದ ಹೊತ್ತಿಗೆ ಮೊಣಕಾಲುಗಳು ಏನನ್ನುತ್ತವೋ ಯಾರಿಗೂ ಗೊತ್ತಿಲ್ಲ. ಅತ್ತೆ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಸುಮ್ಮನೆ ಅಟ್ಟದಿಂದ ಉಣ್ಣೆಯ ಶಾಲು ಇಳಿಸಿ ಬಿಸಿಲಿಗೆ ಹಾಕಿದರು.

ಬೇರೆ ಯಾರಾದರೂ ವಿಮಾನದ ಟಿಕೆಟ್ಟು ತೆಗೆಸುತ್ತಿದ್ದರು. ಗುರುರಾಜ್, "ಅವ್ವಾ, ನಿನ್ನ ನಾನೇ ಗಾಡ್ಯಾಗ ಕರ್ಕೊಂಡು ಹೋಗ್ತೀನಿ" ಎಂದರು. ಸಾನಪಾಡಾದಲ್ಲಿರುವ ನನ್ನ ತಮ್ಮ ಸುದ್ದಿ ಕೇಳಿ ಫೋನ್ ಮಾಡಿದ.

"ಅಕ್ಕ, ವಿಮಾನದಲ್ಲಿ ಹೋಗುವುದಕ್ಕೆ ಭಾವನಿಗೆ ಎಂತ ಆಗ್ತದೆ?"

"ವಿಮಾನದ ಟಯರು ಸಣ್ಣದಂತೆ" ಎಂದೆ.

ಹೊರಡುವ ಮೊದಲು ಪ್ರಜ್ವಲ್ ಹಿಂದಿನ ಜೋಡಿ ಕೂರಿಸಿ ಗಾಡಿ ಒಪ್ಪಿಸಿದ. "ಅಂಕಲ್, ಪೀಛೆ ಕಾ ಹೋ ಗಯಾ. ಆಗೇ ಕಾ ಆನೇ ತಕ್ ಫೋರ್ ಬೈ ಫೋರ್ ಕೋ ಹಾಥ್ ನಹೀ ಲಗಾನೇ ಕಾ." ನಾಲ್ಕೂ ಚಕ್ರಗಳು ಎಳೆಯುವಂತೆ ಮಾಡುವ ಆ ತಿರುಗುಗುಂಡಿಯನ್ನು ಮುಂದಿನ ಗೇರು ಬದಲಾಗುವ ತನಕ ಮುಟ್ಟಬಾರದು. ಮುಂದಿನ ಚಕ್ರಗಳಿಗೆ ಒಂದು ಲೆಕ್ಕ, ಹಿಂದಿನವಕ್ಕೆ ಇನ್ನೊಂದು. ಎರಡನ್ನೂ ಒಟ್ಟಿಗೆ ಕಟ್ಟಿದರೆ ಒಂದನ್ನೊಂದು ಎಳೆದಾಡಿ ಏನಾದರೂ ಮುರಿಯುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಇದು ಥಟ್ಟನೆ ಅರ್ಥವಾಯಿತು. ಆದರೂ ಅವನು ಆ ಗುಂಡಿಯ ಮೇಲೆ ಕಪ್ಪು ಟೇಪು ಅಂಟಿಸಿದ.

ಹೀಗೆ, ನಾಲ್ಕು ಚಕ್ರ ಎಳೆಯುವ ಗಾಡಿಯೆಂದು ಕೊಂಡದ್ದನ್ನು ಎರಡೇ ಚಕ್ರ ಎಳೆಯುವ ಹಾಗೆ ಮಾಡಿಸಿಕೊಂಡು ನಾವು ಹಿಮಾಲಯಕ್ಕೆ ಹೊರಟೆವು.

ಸುನೌಲಿ

ಗಡಿ ಎಂದರೆ ಮುಳ್ಳುತಂತಿ, ಬಂದೂಕು ಎಂದುಕೊಂಡಿದ್ದೆ. ಸುನೌಲಿಯಲ್ಲಿ ಕಂಡದ್ದು ಕಲ್ಯಾಣ್ ಸ್ಟೇಷನ್ನಿನ ಹೊರಗಿನ ರಸ್ತೆ, ಮೇಲೊಂದು ಕಮಾನು. ಅದೇ ಸೈಕಲ್ ರಿಕ್ಷಾ ಒಂದಿಷ್ಟು ಹೆಚ್ಚು, ಅದೇ ಹಾರ್ನು, ಅದೇ ಯಾರೂ ಯಾರಿಗೂ ದಾರಿ ಬಿಡದ ಶಿಸ್ತು. ತರಕಾರಿ ಚೀಲ ಹೊತ್ತ ಹೆಂಗಸೊಬ್ಬಳು ನಮಗಿಂತ ಮೊದಲು ಪರದೇಶ ಸೇರಿ, ವ್ಯಾಪಾರ ಮುಗಿಸಿ, ನಮ್ಮ ಕಾಗದ ಮುಗಿಯುವ ಮೊದಲೇ ಸ್ವದೇಶಕ್ಕೆ ಮರಳಿದಳು.

ಅಲ್ಲಿನ ಅಧಿಕಾರಿ ಗಾಡಿಗೆ ಒಂದು ಪ್ರದಕ್ಷಿಣೆ ಹಾಕಿದರು. ಟಯರಿನ ದಿಂಡಿನೊಳಗೆ ಬೆರಳಿಟ್ಟು ನೋಡಿದರು.

"ನೇಪಾಳದಲ್ಲಿ ಹೊಲ ಉಳ್ತೀರಾ?" ಎಂದು ಹಿಂದಿಯಲ್ಲಿ ಕೇಳಿದರು. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದಂತಿತ್ತು.

"ಆಫ್ ರೋಡ್ ಟಯರ್" ಎಂದರು ಗುರುರಾಜ್ ಗಂಭೀರವಾಗಿ.

"ಓ. ಆದರೆ ನಮ್ಮಲ್ಲಿ ರೋಡ್ ಇದೆ" ಎಂದು ಅವರು ಮುದ್ರೆ ಒತ್ತಿದರು. ಇದು ಪೂರ್ತಿ ಸತ್ಯವಲ್ಲ ಎಂದು ಆಮೇಲೆ ಗೊತ್ತಾಯಿತು.

ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ. ಫೋನಿನಲ್ಲಿ ಸಮಯ ತಾನೇ ಜಿಗಿದದ್ದು ಕಂಡು ಅತ್ತೆ, "ಆ ಹದಿನೈದು ನಿಮಿಷ ಎಲ್ಲಿ ಹೋದ್ವು?" ಎಂದು ಕೇಳಿದರು. ಡೊಂಬಿವಲಿಯಲ್ಲಾದರೆ ಅಷ್ಟರಲ್ಲಿ ಎರಡು ಫಾಸ್ಟ್ ಲೋಕಲ್ ತಪ್ಪಿಹೋಗುತ್ತಿದ್ದವು.

ಮುಂದಿನ ದಾರಿಯುದ್ದಕ್ಕೂ ಟಯರಿನ ಸದ್ದು. ಅತ್ತೆ ಎರಡು ಸಲ ಕಿಟಕಿಯಿಂದ ಆಕಾಶ ನೋಡಿ ಹೆಲಿಕಾಪ್ಟರ್ ಹುಡುಕಿದರು. ಆದರೆ ನೇಪಾಳದವರು ಅವರಿಗೆ ಬಹಳ ಹಿಡಿಸಿದರು. ಎಲ್ಲಿ ನಿಂತರೂ ಚಹಾದಂಗಡಿಯವರು, ಪೊಲೀಸರು, ಬಸ್ಸಿನ ಕಂಡಕ್ಟರು, ಎಲ್ಲರೂ ಅವರನ್ನು "ಆಮಾ" ಎಂದೇ ಕರೆದು ಕೈಹಿಡಿದು ಇಳಿಸುತ್ತಿದ್ದರು. ನಾವು ಸ್ಟೂಲು ತೆಗೆಯುವುದರೊಳಗೆ ಯಾರೋ ಒಬ್ಬರ ಹೆಗಲು ಸಿದ್ಧವಾಗಿರುತ್ತಿತ್ತು. "ನಮ್ಮ ಬಿಲ್ಡಿಂಗ್ನ್ಯಾಗ ಇಷ್ಟು ವರ್ಷ ಇದ್ದೀನಿ, ಲಿಫ್ಟಿನ ಬಾಗಲಾ ಹಿಡಿದವರು ಯಾರೂ ಇಲ್ಲ" ಎಂದರು ಅತ್ತೆ. ಬಿಲ್ಡಿಂಗಿನವಳಾದ ನಾನು ಕಿಟಕಿಯಾಚೆ ನೋಡಿದೆ.

ಊಟ ಮಾತ್ರ ಅವರು ತಂದದ್ದೇ: ಖಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಚ್ಚಿದ ಅವಲಕ್ಕಿ. ನಾವಿಬ್ಬರು ಊರೂರಿನಲ್ಲಿ ದಾಲ್ ಭಾತ್ ಉಂಡೆವು. ಅಲ್ಲಿ ಅನ್ನ ಸಾಕೆಂದು ಹೇಳುವುದು ಅಗೌರವವೇನೋ ಎಂಬಂತೆ ಬಡಿಸುತ್ತಾರೆ. ತಟ್ಟೆಯ ಮೇಲೆ ಅಡ್ಡ ಹಿಡಿದ ನನ್ನ ಕೈಯ ಮೇಲೂ ಒಮ್ಮೆ ದಾಲ್ ಬಿತ್ತು.

ತಾತೋಪಾನಿ ದಾಟಿದ ಮೇಲೆ

ಪೋಖರಾದ ತನಕ ಗಾಡಿ ಚೆನ್ನಾಗಿಯೇ ಓಡಿತು. ತಾತೋಪಾನಿ ದಾಟಿದ ಮೇಲೆ ಕಾಳಿ ಗಂಡಕಿಯ ಪಕ್ಕದ ದಾರಿ ಬೆಟ್ಟವನ್ನು ಕೆರೆದು ಮಾಡಿದಂತಿತ್ತು. ಹಿಂದಿನ ದಿನ ಮಳೆ ಬಿದ್ದು ಒಂದು ತಿರುವಿನಲ್ಲಿ ಕೆಸರು ಮಡುಗಟ್ಟಿತ್ತು. ನಮ್ಮ ಮುಂದೆ ಒಂದು ಹಳೆಯ ಬಸ್ಸು. ತಲೆ ಬೋಳಾದ ಟಯರು, ಮೇಲೆ ಆಡುಗಳು. ಚಾಲಕ ತಂಬಾಕು ಉಗಿದು, ಗೇರು ಹಾಕಿ, ಅತ್ತಿತ್ತ ಜಾರುತ್ತ ದಾಟಿಯೇಬಿಟ್ಟ. ಆಮೇಲೆ ನಮ್ಮ ಸರದಿ.

ನಮ್ಮ ಗಾಡಿ ಅರ್ಧ ಹೋಗಿ ನಿಂತಿತು. ಹಿಂದಿನ ಚಕ್ರಗಳು ನಿಂತಲ್ಲೇ ತಿರುಗಿ ಒಳ್ಳೆಯ ಹೊಂಡ ತೋಡಿಕೊಂಡವು. ದಾಟಿದ ಬಸ್ಸಿನವರೆಲ್ಲ ಇಳಿದು ಸಾಲಾಗಿ ನಿಂತು ನೋಡತೊಡಗಿದರು. ಗುರುರಾಜರ ಕೈ ಕಪ್ಪು ಟೇಪಿನ ಕಡೆ ಹೋಯಿತು.

"ಅದು ಮುಟ್ಟಬೇಡಿ ಅಂದಿದ್ದಾನೆ" ಎಂದೆ.

"ಎರಡ ಮಿನಿಟಿಂದು ಮಾತು."

"ಮುರೀತದೆ ಅಂದಿದ್ದಾನೆ ಮಾರಾಯ್ರೆ."

"ಅಂವಾ ಶಹಾಡದಾಗ ಕೂತಾನ. ಅವ್ವನ್ನ ಕೆಸರಾಗ ಕೂಡಿಸಿ ನಾ ಏನ್ ಮಾಡ್ಲಿ?"

ಅವರು ಟೇಪು ಕಿತ್ತು ಗುಂಡಿ ತಿರುಗಿಸಿದರು. ಗಾಡಿ ಒಮ್ಮೆ ಕೊಸರಾಡಿ, ಮುಂದಿನ ಚಕ್ರಗಳೂ ಮಣ್ಣು ಕಚ್ಚಿ, ಹೊಂಡದಿಂದ ಎದ್ದು ಬಂತು. ಬಸ್ಸಿನ ಜನ ಚಪ್ಪಾಳೆ ತಟ್ಟಿದರು. ಗುರುರಾಜ್ ಕಿಟಕಿಯಿಂದ ಕೈ ಬೀಸಿದರು. ನಾನೂ, ನಾಚಿಕೆಯಿಲ್ಲದೆ ಹೇಳುತ್ತೇನೆ, ಕೈ ಬೀಸಿದೆ. ಚಪ್ಪಾಳೆಯ ಭರದಲ್ಲಿ ಆ ಗುಂಡಿಯನ್ನು ಹಿಂದಕ್ಕೆ ತಿರುಗಿಸುವುದು ಯಾರಿಗೂ ನೆನಪಾಗಲಿಲ್ಲ.

ಕೆಸರಿನಲ್ಲಿ ಚಕ್ರ ಜಾರುತ್ತದೆ, ಮುಂದಿನವಕ್ಕೂ ಹಿಂದಿನವಕ್ಕೂ ಇರುವ ಜಗಳ ಅಡಗುತ್ತದೆ. ಮುಂದೆ ಗಟ್ಟಿ ಬಂಡೆಯ ದಾರಿ ಬಂತು. ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸತೊಡಗಿತು. "ಕಲ್ಲು ಭಾಳ ಅವ" ಎಂದರು ಗುರುರಾಜ್. ಘಾಸಾ ಎಂಬ ಊರಿನ ಮೊದಲ ಮನೆಗಳು ಕಂಡವು, ಅಷ್ಟೇ. ಗಾಡಿಯ ಹೊಟ್ಟೆಯ ಕೆಳಗೆ ದಢಾರ್ ಎಂದು ಸದ್ದಾಯಿತು. ಆಮೇಲೆ ಯಾರೋ ಸುತ್ತಿಗೆಯಲ್ಲಿ ಬಡಿದಂತೆ ಡಣ್ ಡಣ್ ಡಣ್. ನಿಂತೆವು. ಇಳಿದು ಬಗ್ಗಿ ನೋಡಿದರೆ ಮುಂದಿನ ಆಕ್ಸಲ್ಲಿಗೆ ಹೋಗುವ ಉದ್ದದ ಶಾಫ್ಟು ಕಿತ್ತು ಜೋತಾಡುತ್ತಿತ್ತು. ಅದು ತಿರುಗುತ್ತ ಬಡಿದಲ್ಲಿ ಒಂದು ತೂತು ಬಿದ್ದು ಎಣ್ಣೆ ಸುರಿಯುತ್ತಿತ್ತು.

ಗುರುರಾಜ್ ರಸ್ತೆಯ ಮೇಲೆ ಕೂತರು. ನನ್ನ ನಾಲಿಗೆಯ ತುದಿಗೆ ಒಂದು ಒಳ್ಳೆಯ ಮಾತು ಬಂದಿತ್ತು. ಅವರ ಮುಖ ನೋಡಿ ನುಂಗಿದೆ.

ಘಾಸಾ

ರಸ್ತೆಯ ಆ ಬದಿಗೆ ಮಾಯಾ ದಿದಿಯ ಲಾಡ್ಜು. ಬಿಳಿ ಗೋಡೆ, ಚಪ್ಪಟೆ ಮಾಳಿಗೆಯ ಅಂಚಿನಲ್ಲಿ ಒಪ್ಪವಾಗಿ ಜೋಡಿಸಿದ ಸೌದೆ, ಒಳಗೆ ಹೊಳೆಯುವ ಹಿತ್ತಾಳೆ ಪಾತ್ರೆಗಳ ಗೋಡೆ. ಎಲ್ಲರೂ ದಿದಿ, ಎಂದರೆ ಅಕ್ಕ, ಎನ್ನುವ ಅವಳು ನನ್ನಷ್ಟೇ ವಯಸ್ಸಿನ, ನನಗಿಂತ ದೊಡ್ಡ ಗಂಟಲಿನ ಹೆಂಗಸು. ಅತ್ತೆಯನ್ನು ಒಲೆಯ ಬಳಿ ಕೂರಿಸಿ ಬಿಸಿನೀರು ಕೊಟ್ಟು, ಆಚೆ ಬಂದು ನಮ್ಮ ಗಾಡಿ ನೋಡಿ, "ಇಷ್ಟು ದೊಡ್ಡ ಚಕ್ರ ಇದ್ದೂ ಮುರೀತಾ?" ಎಂದು ಹಿಂದಿಯಲ್ಲಿ ಕೇಳಿದಳು. ನಾನು ನುಂಗಿದ ಮಾತು ಬೇರೆ ದಾರಿಯಿಂದ ಬಂತು.

ಮೆಕ್ಯಾನಿಕ್ ಕೆಳಗಿನ ಬೇನಿ ಪೇಟೆಯಿಂದ ಬರಬೇಕು, ಬರುವುದು ನಾಳೆ. ಅಧಿಕ ಮಾಸ ಮುಗಿಯುವುದೂ ನಾಳೆಯೇ. ಮೇಲಕ್ಕೆ ಹೋಗುವ ಬಾಡಿಗೆ ಜೀಪು ಅಷ್ಟರಲ್ಲಿ ಬಂದು ನಿಂತಿತು. ಒಳಗಿನ ಜನ ನೋಡಿದರೆ ಸಂಜೆಯ ಡೊಂಬಿವಲಿ ಲೋಕಲ್. ಎರಡೇ ಎರಡು ಜಾಗ ಇದೆ ಎಂದ ಚಾಲಕ.

"ನೀವಿಬ್ರೂ ಹೋಗ್ರಿ. ನಾ ಗಾಡಿ ಹತ್ರ ಇರ್ತೀನಿ" ಎಂದರು ಗುರುರಾಜ್.

ಅತ್ತೆ ಒಲೆಯ ಬಳಿಯಿಂದಲೇ ಹೇಳಿದರು: "ಗಾಡಿ ಯಾರು ಒಯ್ತಾರೋ? ನಡೀಲಾರದ್ದನ್ನ ಕದ್ದು ಏನ್ ಮಾಡ್ತಾರ?"

"ಹಂಗಲ್ಲವ್ವಾ. ಸಾಮಾನದ, ಟಯರ್ ಅವ. ಮೆಕ್ಯಾನಿಕ್ ಬರ್ತಾನ..."

"ನನ್ನ ನೀನೇ ಕರ್ಕೊಂಡು ಹೋಗ್ತೀನಿ ಅಂದಿದ್ದಿ."

ದನಿ ಏರಿಸಿ ಹೇಳಿದ್ದಲ್ಲ. ಗುರುರಾಜ್ ಗಾಡಿಯನ್ನೂ ಅಮ್ಮನನ್ನೂ ಸರದಿಯಲ್ಲಿ ನೋಡಿದರು. ಯಾರನ್ನು ಆರಿಸಬೇಕೆಂದು ಅವರಿಗೆ ಗೊತ್ತಿತ್ತು. ಆದರೆ ಕಾಲು ಏಳುತ್ತಿರಲಿಲ್ಲ. ಇಷ್ಟು ವರ್ಷ ಜೊತೆಗಿದ್ದವಳಿಗೆ ಆ ಕಾಲಿನ ಪರಿಚಯ ಇರುತ್ತದೆ.

"ನಾನು ಇರ್ತೇನೆ ಗಾಡಿಯ ಹತ್ತಿರ. ನೀವು ಅಮ್ಮನ ಜೊತೆ ಹೋಗಿ" ಎಂದೆ.

"ನೀ ಒಬ್ಬಾಕಿನೇ?"

"ಗಾಡಿಗೆ ನನ್ನ ಭಯ ಉಂಟು. ಹೋಗಿ, ಜೀಪು ಹೊರಡ್ತದೆ."

ಅವರು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. "ಏನೂ ಮುಟ್ಟಬ್ಯಾಡ" ಎಂದರು. ಟೇಪು ಕಿತ್ತವರು ಹೇಳಿದ ಮಾತು ಇದು.

ಜೀಪಿನಲ್ಲಿ ಅತ್ತೆಗೆ ಕಿಟಕಿಯ ಜಾಗ ಸಿಕ್ಕಿತು. ಗುರುರಾಜ್ ಒಂದು ಕೋಳಿಬುಟ್ಟಿಯ ಪಕ್ಕ ಅರ್ಧ ಕೂತು, ಅಮ್ಮನ ಭುಜದ ಹಿಂದೆ ಕೈ ಚಾಚಿ ಹಿಡಿದುಕೊಂಡಿದ್ದರು. ಜೀಪಿನ ಟಯರು ಸಣಕಲು. ತಿರುವಿನ ಏರನ್ನು ಅದು ಮಾತಾಡದೆ ಹತ್ತಿ ಹೋಯಿತು.

ಘಾಸಾ, ಮರುದಿನ

ಮುಕ್ತಿನಾಥದ ಬಗ್ಗೆ ಓದಲೆಂದು ಇಲ್ಲಿಯವರೆಗೆ ಬಂದವರು ನನ್ನನ್ನು ಕ್ಷಮಿಸಬೇಕು. ದೇವರ ದರ್ಶನವಾಗುತ್ತಿದ್ದ ಹೊತ್ತಿಗೆ ನಾನು ಮಾಯಾ ದಿದಿಯ ಅಂಗಳದಲ್ಲಿ ಕೂತು ಬಟಾಟೆ ಹೆಚ್ಚುತ್ತಿದ್ದೆ. ಹೇಸರಗತ್ತೆಗಳ ಸಾಲೊಂದು ಗಂಟೆ ಅಲ್ಲಾಡಿಸುತ್ತ ಹೋಯಿತು. ಅದರ ಒಡೆಯ ನಮ್ಮ ಗಾಡಿಯ ಕಬ್ಬಿಣದ ಬಂಪರಿಗೆ ಎರಡನ್ನು ಕಟ್ಟಿ ಚಹಾ ಕುಡಿದ. ಗಾಡಿಗೆ ಸಿಕ್ಕಿದ ಮೊದಲ ಉಪಯುಕ್ತ ಕೆಲಸವೆಂದು ನಾನು ತಡೆಯಲಿಲ್ಲ.

ದಿದಿಯ ಗಂಡ ಕೊರಿಯಾದಲ್ಲಿ ಕಾರ್ಖಾನೆಯ ಕೆಲಸಕ್ಕಿದ್ದಾನೆ. ಮುಂದಿನ ಸಲ ಬಂದಾಗ ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟುತ್ತಾನಂತೆ. ಈಗಿರುವ ಕೋಣೆಗಳೇ ತುಂಬುವುದಿಲ್ಲ ಎಂದು ಅವಳು ಹೇಳಿದರೂ ಕೇಳುವುದಿಲ್ಲವಂತೆ.

"ಗಂಡಸರಿಗೆ ದೊಡ್ಡದು ಬೇಕು" ಎಂದಳು.

"ನಮ್ಮಲ್ಲೂ ಹಾಗೇ" ಎಂದೆ. ಎರಡು ದೇಶಗಳ ನಡುವಿನ ಮಾತುಕತೆ ಇಷ್ಟು ಬೇಗ ಒಮ್ಮತಕ್ಕೆ ಬಂದದ್ದು ಅಪರೂಪವಿರಬೇಕು.

ಮೆಕ್ಯಾನಿಕ್ ಮೋಟಾರ್ ಸೈಕಲಿನಲ್ಲಿ ಬಂದ. ಮೊದಲ ಕೆಲಸವಾಗಿ ಟಯರಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ಎರಡನೆಯದಾಗಿ ಗೆಳೆಯನಿಗೆ ವಿಡಿಯೋ ಕಾಲ್ ಮಾಡಿ ಮುರಿದ ಶಾಫ್ಟು ತೋರಿಸಿದ. ಇಬ್ಬರೂ ಬಹಳ ನಕ್ಕರು. ಆಮೇಲೆ ಕೆಳಗೆ ನುಗ್ಗಿ, ಜೋತಾಡುವ ಶಾಫ್ಟನ್ನು ಬಿಚ್ಚಿ ತೆಗೆದು, ತೂತಿಗೆ ಅಂಟು ಮೆತ್ತಿ, ಎಣ್ಣೆ ತುಂಬಿದ. ಮುರಿದ ಶಾಫ್ಟನ್ನು ತೊಟ್ಟಿಯಲ್ಲಿ ಮಲಗಿಸಿ, "ಆಯಿತು. ಈಗ ಹಿಂದಿನ ಚಕ್ರದಿಂದಲೇ ಓಡುತ್ತದೆ" ಎಂದ.

"ಇದು ಇಲ್ಲದೆಯೂ ಓಡುತ್ತದೆಯೇ?"

"ಓ, ಇನ್ನೂ ಚೆನ್ನಾಗಿ."

ಈ ಶಾಫ್ಟನ್ನು ಶಹಾಡಿನಲ್ಲೇ ಬಿಚ್ಚಿಟ್ಟಿದ್ದರೆ ಮುರಿಯುವುದಕ್ಕೆ ಏನೂ ಇರುತ್ತಿರಲಿಲ್ಲ. ಆದರೆ ಸ್ಟುಡಿಯೋಗಳಲ್ಲಿ ಕೂಡಿಸುವುದನ್ನು ಕಲಿಸುತ್ತಾರೆ, ಕಳೆಯುವುದನ್ನಲ್ಲ.

ಗಾಡಿಯನ್ನು ಪರೀಕ್ಷೆಗೆಂದು ಸ್ವಲ್ಪ ಓಡಿಸಬೇಕು ಎಂದ. ಅವನು ಹತ್ತುವ ಮೊದಲೇ ನಾನು ಹತ್ತಿ ಕೂತಿದ್ದೆ. ಡೊಂಬಿವಲಿಯಲ್ಲಿ ನಮ್ಮ ಹಳೆಯ ಸಣ್ಣ ಕಾರನ್ನು ಓಡಿಸುವವಳು ನಾನೇ; ಅತ್ತೆಯನ್ನು ಡಾಕ್ಟರ ಬಳಿಗೆ, ಮಠಕ್ಕೆ, ಗಿರಣಿಗೆ ಕರೆದೊಯ್ಯುವವಳೂ ನಾನೇ. ಈ ಗಾಡಿಯ ಕೀಲಿ ಮಾತ್ರ ನನ್ನ ಕೈಗೆ ಬಂದದ್ದು ಇದೇ ಮೊದಲು. ಸೀಟು ಮುಂದಕ್ಕೆಳೆದುಕೊಂಡೆ. ಊರಿನ ಕೊನೆಯ ತನಕ ಹೋಗಿ ಬಂದೆ. ಮೆಕ್ಯಾನಿಕ್ ಪಕ್ಕದಲ್ಲಿ ಕೂತು ತಲೆಯಾಡಿಸಿದ, ಅವನ ಫೋನ್ ಒಳಗಿನ ಗೆಳೆಯನೂ ತಲೆಯಾಡಿಸಿದ.

ಅಷ್ಟರಲ್ಲಿ ಗುರುರಾಜರ ಫೋನು. "ದರ್ಶನ ಆತು. ಅವ್ವ ಗುಡಿ ಹಿಂದಿನ ನೂರಾಎಂಟೂ ನೀರಿನ ಧಾರಿ ಕೆಳಗ ತಲಿ ಒಡ್ಡಿದ್ಲು. ಬ್ಯಾಡ ಅಂದ್ರ ಕೇಳ್ಲಿಲ್ಲ, ಹಲ್ಲು ಕಟಕಟ ಅಂತಾವ. ಮಧ್ಯಾಹ್ನ ಜೋಮಸೋಮ್ ತನಕ ಬಂದು ಅಲ್ಲಿಂದ ಜೀಪು ನೋಡ್ತೀವಿ. ಗಾಡಿ ಹೆಂಗದ?"

ಅಮ್ಮನ ಸುದ್ದಿ ಮೊದಲು, ಗಾಡಿಯ ಸುದ್ದಿ ಆಮೇಲೆ. ಗಮನಿಸಿದೆ.

"ಇದೆ" ಎಂದಷ್ಟೇ ಹೇಳಿದೆ.

ದಿದಿ ಒಂದು ಚೀಲ ಒಣ ಸೇಬು ಸೀಟಿನ ಮೇಲಿಟ್ಟಳು. "ಒಬ್ಬಳೇ ಹೋಗ್ತೀಯಾ? ಮೇಲೆ ಗಾಳಿ ಜೋರು" ಎಂದಳು. ಹೋಗುತ್ತೇನೆ ಎಂದು ಹೇಳುವವರೆಗೂ ನಾನು ಹೋಗುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಜೋಮಸೋಮ್

ಮೊದಲ ಏರು ಬಂತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆಲ್ಲೋ ನದಿ. ಎರಡನೇ ಗೇರು ಹಾಕಿ ಕಾದೆ. ಮುಂಬ್ರಾದಲ್ಲಿ ಕಟ್ಟಿದ ಹಾಗೆ ಈಗ ದಮ್ಮು ಕಟ್ಟುತ್ತದೆ ಎಂದು. ಕಟ್ಟಲಿಲ್ಲ. ಗಾಡಿ ಕಲ್ಲುಗಳನ್ನು ಒಂದೊಂದಾಗಿ ತುಳಿದು, ಅವಸರವಿಲ್ಲದೆ, ನಾನು ಹೇಳಿದಷ್ಟೇ ಹತ್ತಿತು. ಮೂರನೇ ಗೇರು ಹಾಕಿದೆ, ಅದನ್ನೂ ಒಪ್ಪಿಕೊಂಡಿತು. ಪ್ರಜ್ವಲನ ಹಲ್ಲುಗಾಲಿ ತನ್ನ ಕೆಲಸ ಮಾಡುತ್ತಿತ್ತು. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ, ಆದರೂ ಬರೆಯುತ್ತೇನೆ: ನನಗೆ ಬಹಳ ಖುಷಿಯಾಯಿತು. ಎತ್ತರದಲ್ಲಿ ಕೂತು, ಇಡೀ ಕಣಿವೆ ಗಾಜಿನೊಳಗೆ ಬಂದು, ಪೈನ್ ಮರಗಳು ಕಡಿಮೆಯಾಗುತ್ತ ಬೆಟ್ಟಗಳು ಬೋಳಾಗುತ್ತ ಹೋದಂತೆ ನಾನು ಗಟ್ಟಿಯಾಗಿ ಹಾಡಿಕೊಳ್ಳುತ್ತಿದ್ದೆ. ಟಯರಿನ ಸದ್ದಿನಲ್ಲಿ ಅದು ನನಗೂ ಕೇಳುತ್ತಿರಲಿಲ್ಲ ಎಂಬುದು ಆ ಟಯರಿನ ಇನ್ನೊಂದು ಅನುಕೂಲ.

ಎದುರಿಗೆ ಬಂದ ಬಸ್ಸಿನ ಚಾಲಕನೊಬ್ಬ ನನ್ನನ್ನು ಕಂಡು ತಾನೇ ಹಿಂದಕ್ಕೆ ಸರಿದು ದಾರಿ ಬಿಟ್ಟ. ಕಲ್ಯಾಣ್–ಶೀಳ್ ರಸ್ತೆಯಲ್ಲಿ ಗಾಡಿ ಓಡಿಸುವವಳಿಗೆ ಈ ಅನುಭವ ಹೊಸದು. ಹೇಗೆ ಧನ್ಯವಾದ ಹೇಳುವುದೆಂದು ತಿಳಿಯದೆ ಹಾರ್ನ್ ಹೊಡೆದೆ.

ಜೋಮಸೋಮಿನಲ್ಲಿ ಗಾಳಿ ಮನುಷ್ಯರನ್ನು ತಳ್ಳುವಷ್ಟಿತ್ತು. ಜೀಪು ನಿಲ್ಲುವ ಜಾಗದಲ್ಲಿ ಗುರುರಾಜ್ ಶಾಲು ಸುತ್ತಿದ ಅಮ್ಮನನ್ನು ಗೋಡೆಯ ಮರೆಯಲ್ಲಿ ಕೂರಿಸಿ, ತಾವು ಗಾಳಿಗೆ ಅಡ್ಡವಾಗಿ ನಿಂತಿದ್ದರು. ದೂರದಿಂದ ತಮ್ಮ ಗಾಡಿ ಬರುವುದನ್ನು ಕಂಡು ಎರಡು ಹೆಜ್ಜೆ ಓಡಿ ಬಂದರು. ಕಳ್ಳನನ್ನು ಹಿಡಿಯುವ ಮುಖ. ಗಾಜಿನೊಳಗೆ ಅವರಿಗೆ ನಾನು ಕಂಡೆ. ನಿಂತರು.

"ಯಾರು ಹೊಡ್ಕೊಂಡು ಬಂದ್ರು?"

"ಗಾಳಿ" ಎಂದೆ.

ಅವರು ಗಾಡಿಯ ಕೆಳಗೆ ಬಗ್ಗಿ ನೋಡಿ, ತೊಟ್ಟಿಯಲ್ಲಿ ಮಲಗಿದ್ದ ಶಾಫ್ಟು ನೋಡಿ, ಬಾಗಿಲ ಬಳಿ ಬಂದು ಕೈ ಚಾಚಿದರು. ನಾನು ಕೀಲಿ ತೆಗೆಯಲು ಹೊರಟೆ. ಅತ್ತೆ ಅಷ್ಟರಲ್ಲಿ ದಾರಿಹೋಕನೊಬ್ಬನ ಹೆಗಲು ಹಿಡಿದು ಎಡಗಡೆಯಿಂದ ಮುಂದಿನ ಸೀಟು ಏರಿಯಾಗಿತ್ತು.

"ಆಕಿನೇ ಹೊಡೀಲಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ವಿದ್ಯಾ, ನೀ ನೋಡಿಲ್ಲ ದೇವರನ್ನ. ಮ್ಯಾಲೆ ನಡಿ."

"ಅವ್ವಾ, ಈಗಷ್ಟ ಇಳಿದು ಬಂದೀವಿ. ಅಧಿಕ ಮಾಸನೂ ಇವತ್ತಿಗೆ ಮುಗೀತದ" ಎಂದರು ಗುರುರಾಜ್.

"ಮುಗಿದರ ಗುಡಿ ಬಾಗಲಾ ಹಾಕ್ತಾರೇನು? ನಿನಗ ದಣಿವಾಗಿದ್ರ ಇಲ್ಲೇ ಕೂಡು."

ಗುರುರಾಜ್ ಹಿಂದಿನ ಬಾಗಿಲು ತೆಗೆದು ಕೂತರು. ಗಾಡಿ ತಂದ ಮೇಲೆ ಅವರು ಹಿಂದಿನ ಸೀಟು ನೋಡಿದ್ದು ಅದೇ ಮೊದಲಿರಬೇಕು. ಮೊಣಕಾಲು ಎಲ್ಲಿಡುವುದೆಂದು ಹುಡುಕುತ್ತಿದ್ದರು. ನಾನು ನದಿಯ ಪಾತ್ರ ದಾಟಿ, ಮುಕ್ತಿನಾಥದ ಕಡೆ ಹೊರಳುವ ಏರಿಗೆ ಗಾಡಿ ತಿರುಗಿಸಿದೆ. ಬೆಟ್ಟಗಳಿಗೆ ಸಂಜೆಯ ಬಿಸಿಲು ಬಿದ್ದಿತ್ತು. ಅತ್ತೆ ಸೇಬಿನ ಚೂರೊಂದನ್ನು ಬಾಯಲ್ಲಿ ಚೀಪುತ್ತಿದ್ದರು. ಗೇರು ಯಾವುದು, ಬ್ರೇಕು ಯಾವಾಗ ಎಂಬ ಪಾಠ ಈಗ ಶುರುವಾಗುತ್ತದೆಂದು ನಾನು ಉತ್ತರಗಳನ್ನು ಹರಿತ ಮಾಡಿಟ್ಟುಕೊಂಡಿದ್ದೆ.

ಮೂರನೆಯ ತಿರುವಿನಲ್ಲಿ ಅವರು ಮುಂದಕ್ಕೆ ಬಾಗಿ, ಟಯರಿನ ಸದ್ದಿನ ನಡುವೆ ನನಗೊಬ್ಬಳಿಗೇ ಕೇಳುವಂತೆ ಕೇಳಿದರು:

"ಹೆಂಗ ಏರ್ತದ?"

ಇಷ್ಟೆಲ್ಲ ಮಾಡಿಸಿದ ಮನುಷ್ಯನಿಗೆ, ಈ ಗಾಡಿ ಇಷ್ಟು ಎತ್ತರದ ಇಂಥ ಏರನ್ನು ಹೇಗೆ ಹತ್ತುತ್ತದೆಂಬುದು ಇನ್ನೂ ಗೊತ್ತಿರಲಿಲ್ಲ. ಹರಿತ ಮಾಡಿಟ್ಟದ್ದು ಯಾವುದೂ ಬಾಯಿಗೆ ಬರಲಿಲ್ಲ.

"ಚೆಂದ ಏರ್ತದೆ ಮಾರಾಯ್ರೆ" ಎಂದೆ. "ಬರುವಾಗ ನೀವೇ ಓಡಿಸಿ."

"ಬರೋದೆಲ್ಲಾ ಇಳಿಜಾರೇ ಅಲ್ಲೇನು?" ಎಂದರು ಗುರುರಾಜ್.

ನಾನು ರಸ್ತೆಯ ಬದಿಗೆ ಗಾಡಿ ನಿಲ್ಲಿಸಿ, ಕೆಳಗಿಳಿದು, ಹಿಂದಿನ ಬಾಗಿಲು ತೆಗೆದೆ.